ಶಿವಶರಣಪ್ಪನ ಸುತ್ತುಹಾದಿ

ಹೋಟಗಿಯ ಶಿವಶರಣಪ್ಪನಷ್ಟು ಅಂಜುಬುರುಕ ಸೈಕಲ್ ಸವಾರ ಇಡೀ ಸೊಲ್ಲಾಪುರ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ. ಇದು ನನ್ನ ಮಾತಲ್ಲ, ಅವನ ಜೊತೆ ಗಿರಣಿಯಲ್ಲಿ ದುಡಿದವರೆಲ್ಲ ಹೇಳುತ್ತಿದ್ದ ಮಾತು. ಡೈನಮೊ ಕೈಕೊಟ್ಟರೆ ಇರಲಿ ಎಂದು ಹ್ಯಾಂಡಲ್ಲಿಗೆ ಒಂದು ಎಣ್ಣೆ ದೀಪ, ಅದೂ ಆರಿದರೆ ಇರಲಿ ಎಂದು ಜೇಬಿನಲ್ಲಿ ಒಂದು ಬ್ಯಾಟರಿ. ಪ್ಯಾಂಟಿನ ಕಾಲಿಗೆ ಎರಡು ಕ್ಲಿಪ್ಪು, ತಲೆಗೆ ಬಿಳಿ ಟೋಪಿ, ಹಿಂದಿನ ಮಡ್‌ಗಾರ್ಡಿಗೆ ಕೆಂಪು ಗಾಜು. ಎದುರಿಗೆ ಎಮ್ಮೆ ಬಂದರೂ ಇಳಿದು ನಿಂತು ದಾರಿ ಬಿಡುತ್ತಿದ್ದನಂತೆ. ದೀಪವಿಲ್ಲದ ಸೈಕಲ್ಲುಗಳನ್ನು ಹಿಡಿಯಲು ಊರ ಸುಂಕದ ಜಕಾತಿ ನಾಕಾದಲ್ಲಿ ನಿಲ್ಲುತ್ತಿದ್ದ ಪೊಲೀಸರು ಇವನನ್ನು ಕಂಡರೆ, "ಸಾಹೇಬ್ರು ಬಂದ್ರು, ಹಾದಿ ಬಿಡ್ರಿ" ಎಂದು ಚೇಷ್ಟೆ ಮಾಡುತ್ತಿದ್ದರು.

ಅವನು ಬಟ್ಟೆ ಗಿರಣಿಯಲ್ಲಿ ಹಾಜರಿ ಬರೆಯುವ ಕಾರಕೂನ. ಸಂಜೆಯ ಭೋಂಗಾ ಕೂಗಿ ಕೆಲಸಗಾರರೆಲ್ಲ ಮನೆ ಮುಟ್ಟುವ ಹೊತ್ತಿಗೆ ಇವನು ಪುಸ್ತಕ ಮುಚ್ಚುತ್ತಿದ್ದ. ಹೋಟಗಿಗೆ ಹೋಗುವ ಪ್ಯಾಸೆಂಜರ್ ಅಷ್ಟರಲ್ಲಿ ಬಿಟ್ಟಿರುತ್ತಿತ್ತು. ಹೀಗಾಗಿ ದಿನವೂ ಕತ್ತಲಲ್ಲಿ ಒಂಬತ್ತು ಮೈಲು ಸೈಕಲ್. ಹೋಟಗಿ ಕಡೆಯವರು ಯಾರಾದರೂ ಹೊಸದಾಗಿ ಗಿರಣಿಗೆ ಸೇರಿದರೆ, ಕತ್ತಲಲ್ಲಿ ಎಲ್ಲಿ ತಗ್ಗಿದೆ, ಎಲ್ಲಿ ಜಲ್ಲಿ ಖಡಿ ಸುರಿದಿದ್ದಾರೆ, ಯಾವ ಊರಿನ ನಾಯಿ ಕಾಲಿಗೆ ಬಾಯಿ ಹಾಕುತ್ತದೆ ಎಂದು ಕೇಳಲು ಅವನ ಬಳಿಗೇ ಹೋಗುತ್ತಿದ್ದರು. ಅವನು ಹೇಳಿದ ಹಾದಿ ಎಂದರೆ ಮುಗಿಯಿತು, ಅದು ಸುರಕ್ಷಿತ.

ಇಂಥ ಮನುಷ್ಯ 1971ರ ನಾಗರಪಂಚಮಿಯ ಮರುದಿನ, ಕತ್ತಲಾದ ಮೇಲೆ ಹೋಟಗಿಗೆ ಹೋಗಲು ಕುಂಭಾರಿ ಮೇಲಿನ ಹಾದಿಯೇ ಚಲೋ ಎಂದು ಸಾರಿಬಿಟ್ಟ. ಕೇಳಿದವರು ಬೆಪ್ಪಾದರು. ಆಗದೆ ಏನು? ಸೊಲ್ಲಾಪುರದಿಂದ ಅಕ್ಕಲಕೋಟ ರಸ್ತೆ ಹಿಡಿದು ಏಳು ಮೈಲು ಕುಂಭಾರಿಗೆ ಹೋಗಬೇಕು. ಅಲ್ಲಿಂದ ಡಾಂಬರು ಬಿಟ್ಟು, ಎರೆಹೊಲಗಳ ನಡುವಿನ ಬಂಡಿ ಹಾದಿಯಲ್ಲಿ ಐದು ಮೈಲಿಗೂ ಮೇಲೆ ಹೋಗಿ, ನಡುವೆ ಒಂದು ಹಳ್ಳ ದಾಟಿ ಹೋಟಗಿ ಸೇರಬೇಕು. ಮೂರು ಮೈಲಿಗೂ ಹೆಚ್ಚು ಸುತ್ತು. ಹಗಲಲ್ಲಿ ಬುದ್ಧಿ ಸರಿಯಿದ್ದವರು ಆ ಹಾದಿಯಲ್ಲಿ ಸೈಕಲ್ ಒಯ್ಯುತ್ತಿರಲಿಲ್ಲ.

ಕಾರಣ ನಾನು. ಸುತ್ತಿ ಬಳಸಿ ಹೇಳುವುದೇಕೆ, ಶಿವಶರಣಪ್ಪ ನನ್ನ ಹಡೆದಪ್ಪ. ನಾನು ಅವನನ್ನು ಬದುಕಿನುದ್ದಕ್ಕೂ ಮಾಮಾ ಎಂದೇ ಕರೆದೆ.

ಅವನಿಗೂ ಸುಮಿತ್ರಾಬಾಯಿಗೂ ನಾನು ಮೂರನೆಯ ಮಗಳು. ಕುಂಭಾರಿಯಲ್ಲಿದ್ದ ಅವನ ಅಕ್ಕ ಗುರುಬಾಯಿಗೆ ಮದುವೆಯಾಗಿ ಹತ್ತು ವರ್ಷವಾದರೂ ಮಕ್ಕಳಾಗಿರಲಿಲ್ಲ. ಇಬ್ಬರ ತಾಯಿ, ಅಂದರೆ ನನ್ನ ಅಜ್ಜಿ ಸೋನಾಬಾಯಿ, ಮೈಂದರ್ಗಿಯ ತನ್ನ ಮನೆಯ ಪಡಸಾಲೆಯಲ್ಲಿ ಕುಳಿತು ತೀರ್ಮಾನ ಮಾಡಿದಳು. "ನಿನಗ ಎರಡ ಅದಾವ. ಮೂರನೇದು ಅಕ್ಕನ ಉಡ್ಯಾಗ ಹಾಕು" ಎಂದು ಮಗನಿಗೆ ಹೇಳಿದಳು. ಅವನು ಹೂಂ ಅಂದ. ನನ್ನನ್ನು ಹಡೆದವಳನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೇ ಇರಲಿಲ್ಲ. ಒಂದೂವರೆ ವರ್ಷದ ನನ್ನನ್ನು ಒಂದು ಬಟ್ಟಲು ಅಕ್ಕಿ, ಐದು ಅರಿಷಿಣ ಕೊಂಬು, ಒಂದು ತೆಂಗಿನಕಾಯಿಯ ಜೊತೆಗೆ ಗುರುಬಾಯಿಯ ಸೆರಗಿಗೆ ಹಾಕಿದರು. ತೆಂಗಿನಕಾಯಿಯನ್ನಾದರೂ ಯಾರೋ ಅಲುಗಾಡಿಸಿ ನೋಡಿದ್ದರಂತೆ.

ಅಷ್ಟಕ್ಕೇ ಬಿಡಲಿಲ್ಲ ನನ್ನ ಅಜ್ಜಿ. ನಮ್ಮ ಕಡೆ ಮಗಳನ್ನು ಮದುವೆ ಮಾಡಿ ಕೊಟ್ಟ ಮನೆಯಲ್ಲಿ, ಅವಳಿಗೆ ಕೂಸು ಹುಟ್ಟುವ ತನಕ ಹಡೆದವರು ನೀರು ಕುಡಿಯುವುದಿಲ್ಲ. ಅಜ್ಜಿ ಆ ಪದ್ಧತಿಯನ್ನು ತಂದು ನನಗೂ ಹಚ್ಚಿದಳು. "ಕೊಟ್ಟ ಮ್ಯಾಲ ಕೊಟ್ಟಂಗ. ಹನ್ನೆರಡು ವರ್ಷ ನೀವು ಗಂಡ ಹೆಂಡ್ತಿ ಆ ಮನಿ ಹೊಸ್ತಲಾ ತುಳೀಬ್ಯಾಡ್ರಿ, ಆ ಮನಿ ನೀರು ಕುಡೀಬ್ಯಾಡ್ರಿ. ಇಲ್ಲಂದ್ರ ಕೂಸು ಎರಡೂ ಮನಿ ನಡುವ ಹರದು ಹೋಗ್ತದ" ಎಂದು ಹೇಳಿ, ಮಗನ ಕೈಯನ್ನು ವಿಭೂತಿಯ ಮೇಲೆ ಇಡಿಸಿ ಆಣೆ ಮಾಡಿಸಿದಳು. ಅಜ್ಜಿ ಈಗ ಮೇಲಿದ್ದಾಳೆ. ಅಲ್ಲಿಯೂ ಯಾರದೋ ಕೂಸನ್ನು ಯಾರದೋ ಉಡಿಗೆ ಹಾಕುತ್ತಿರಬೇಕು.

ಆಣೆಯನ್ನು ಬೇರೆಯವನು ಮಾಡಿದ್ದರೆ ಆರು ತಿಂಗಳಿಗೆ ಮರೆಯುತ್ತಿದ್ದ. ಮಾಡಿದವನು ಶಿವಶರಣಪ್ಪ. ಎಮ್ಮೆಗೆ ದಾರಿ ಬಿಡುವ ಮನುಷ್ಯ ಆಣೆ ಮುರಿಯುತ್ತಾನೆಯೆ?

ನಾನು ಬೆಳೆದೆ. ಗುರುಬಾಯಿಗೆ ಅವ್ವ ಎಂದೆ, ಅವಳ ಗಂಡ ಕಲ್ಲಣ್ಣನಿಗೆ ಅಪ್ಪ ಎಂದೆ. ಅವರೇ ನನ್ನ ಅವ್ವ ಅಪ್ಪ, ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ವರ್ಷಕ್ಕೊಮ್ಮೆ ಪಂಚಮಿಗೆ ಅವ್ವ ಮೈಂದರ್ಗಿಗೆ ತವರಿಗೆ ಹೋದಾಗ ಹೋಟಗಿಯವರೂ ಅಲ್ಲಿಗೆ ಬರುತ್ತಿದ್ದರು. ಅಲ್ಲಿ ನೀರು ಕುಡಿಯಲು ಅಡ್ಡಿಯಿರಲಿಲ್ಲ. ಆದರೆ ಆ ಮಾಮಾ ನನ್ನನ್ನು ಎತ್ತಿ ಮಾತಾಡಿಸುತ್ತಿರಲಿಲ್ಲ. "ಸಾಲಿ ಹೆಂಗ ನಡದದ?" ಎಂದು ಕೇಳಿ, ನಾನು ಉತ್ತರ ಕೊಡುವ ಮೊದಲೇ ಬೇರೆ ಕಡೆ ಮುಖ ತಿರುಗಿಸುತ್ತಿದ್ದ. ಎಂಥ ಸೊಕ್ಕಿನ ಮನುಷ್ಯ ಎಂದು ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ.

1971ರಲ್ಲಿ ನಾನು ಸಾಲಿಗೆ ಸೇರಿದೆ. ಆ ಪಂಚಮಿಯಲ್ಲಿ ಅಪ್ಪ ಕಲ್ಲಣ್ಣ ಬಾವಿಯ ಹತ್ತಿರ ಮಾಮಾನ ಪಕ್ಕ ಬೀಡಿ ಸೇದುತ್ತ ಕುಳಿತು, ಗಾಳಿಗೆ ಹೇಳಿದ ಹಾಗೆ ಹೇಳಿದನಂತೆ. "ಹುಡುಗಿ ದಿನಾ ಎಂಟ ಗಂಟೇಕ್ಕ ಪಡಸಾಲ್ಯಾಗ ಕೂತು ಮಗ್ಗಿ ಒದರತಾಳ. ಹಾದಿತನಕ ಕೇಳಸ್ತದ." ಮರುದಿನದಿಂದ ಕುಂಭಾರಿ ಮೇಲಿನ ಹಾದಿ ಸುರಕ್ಷಿತವಾಯಿತು.

ನಮ್ಮ ಮನೆ ಬಂಡಿ ಹಾದಿ ಸುರುವಾಗುವ ಮೂಲೆಯಲ್ಲಿತ್ತು. ಕಂದೀಲು ಹಚ್ಚಿ ಅವ್ವ ಒಳಗೆ ರೊಟ್ಟಿ ಬಡಿಯಲು ಕೂತರೆ, ನಾನು ತೆರೆದ ಬಾಗಿಲಿಗೆ ಬೆನ್ನು ಕೊಟ್ಟು ಮಗ್ಗಿ ಹೇಳಬೇಕು. ರೊಟ್ಟಿಯ ಸಪ್ಪಳವನ್ನು ಮೀರಿಸಿ ಒದರಬೇಕು, ಇಲ್ಲವಾದರೆ ಅವ್ವ, "ಬಾಯಾಗ ಏನ ಇಟಗೊಂಡಿ?" ಎಂದು ಬೈಯುವಳು. ಒಂದು ಸಂಜೆ ನಾನು, "ಏಳೆಂಟ್ಲೆ ಐವತ್ನಾಕು" ಎಂದೆ. ಹೊರಗೆ ಕತ್ತಲಲ್ಲಿ ಸೈಕಲ್ ಗಂಟೆ ಟ್ರಿಣ್ ಎಂದಿತು. ನಾನು ಬೆಚ್ಚಿದೆ. ಮತ್ತೆ ಹೇಳಿದೆ, ಐವತ್ನಾಕು. ಮತ್ತೆ ಟ್ರಿಣ್. ಬೆರಳು ಮಡಚಿ ಎಣಿಸಿ, "ಐವತ್ತಾರು" ಎಂದೆ. ಟ್ರಿಣ್ ಟ್ರಿಣ್, ಎರಡು ಸಲ.

"ಅಪ್ಪಾ, ಹೊರಗ ಯಾರು?"

ಅಪ್ಪ ಹಗ್ಗ ಹೊಸೆಯುತ್ತ ತಲೆ ಎತ್ತಲಿಲ್ಲ. "ಹಾದ್ಯಾಗ ಹೋಗೋರು. ನೀ ಹೇಳು."

ಹೀಗೆ ಸುರುವಾಯಿತು. ತಪ್ಪಿದರೆ ಒಂದು, ಸರಿಯಾದರೆ ಎರಡು. ಮಾಸ್ತರರ ಛಡಿಗಿಂತ ಆ ಗಂಟೆಗೆ ನಾನು ಹೆಚ್ಚು ಹೆದರುತ್ತಿದ್ದೆ, ಅವ್ವ ಕೊಡುವ ಬೆಲ್ಲಕ್ಕಿಂತ ಹೆಚ್ಚು ಅದಕ್ಕೆ ಆಸೆಪಡುತ್ತಿದ್ದೆ. ಅಪ್ಪನಿಗೆ ಐದರ ಮಗ್ಗಿಯ ಆಚೆ ಬರುತ್ತಿರಲಿಲ್ಲ, ಅವ್ವನಿಗೆ ಅಷ್ಟೂ ಬರುತ್ತಿರಲಿಲ್ಲ. ನನ್ನ ತಪ್ಪು ತಿಳಿಯುವವನು ಲೋಕದಲ್ಲಿ ಅವನೊಬ್ಬನೇ. ಕೆಲವು ದಿನ ಬೇಕೆಂದೇ ತಪ್ಪು ಹೇಳಿ, ಗಂಟೆ ಬಾರಿಸಿಕೊಂಡು, ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆ. ಸೆರಗೆಲ್ಲಿಂದ ಬಂತು ಅನ್ನಬೇಡಿ, ಅವ್ವನ ಹಳೆಯ ಸೀರೆ ಸುತ್ತಿಕೊಂಡು ಓದುವ ಚಟ ನನಗೆ.

ಹಾದಿಯಲ್ಲಿ ಅವನ ಪಾಡು ನನಗೆ ಗೊತ್ತಾದದ್ದು ಆಮೇಲೆ. ಅಂಜುಬುರುಕನೇ ಹೇಳಿದ ಮೇಲೆ ಹಾದಿ ಖಂಡಿತ ಚಲೋ ಇರಬೇಕು ಎಂದು, ಹೋಟಗಿಯವನೇ ಆದ ಮಗ್ಗದ ಖಾತೆಯ ಬಸಣ್ಣ ಅವನಿಗೆ ಜೊತೆಯಾದ. ಹಳ್ಳ ದಾಟುವ ಹೊತ್ತಿಗೆ ಬಸಣ್ಣನ ಹಲ್ಲೆಲ್ಲ ಅಲುಗಾಡಿದ್ದವು.

"ಶಿವಶರಣಪ್ಪಾ, ಇದಕ್ಕ ಸುರಕ್ಷಿತ ಅಂತಾರೇನೊ? ನನ್ನ ನಡಾ ಮುರದು ಕೈಯಾಗ ಬಂತು!"

"ಆ ನೆಟ್ಟಗಿನ ಹಾದ್ಯಾಗ ಟ್ರಕ್ ಭಾಳ ಆಗ್ಯಾವ. ಹೆಡ್‌ಲೈಟಿಗೆ ಕಣ್ಣು ಕಾಣಸೂದಿಲ್ಲ."

"ಮತ್ತ ಅಕ್ಕಲಕೋಟ ರಸ್ತೇದಾಗ ಓಡಾಡೋವು ಏನು, ತೊಟ್ಟಿಲಾ?"

ಮಾಮಾ ಪೆಡಲು ಜೋರಾಗಿ ತುಳಿದ. ಜೊತೆಗೆ ಇನ್ನೊಂದು ತಾಪತ್ರಯ. ನಮ್ಮ ಮನೆ ಮುಂದೆ ನಿಲ್ಲಲು ಅವನಿಗೊಂದು ನೆಪ ಬೇಕಿತ್ತು, ಹೀಗಾಗಿ ದಿನವೂ ಅಲ್ಲಿಗೇ ಬಂದು ಅವನ ಚೈನು ಬೀಳುತ್ತಿತ್ತು. ನಾಲ್ಕನೆಯ ದಿನ ಬಸಣ್ಣ ಕೆರಳಿದ. "ಏ, ಈ ಮನಿ ಮುಂದ ನಿನ್ನ ಚೈನಿಗಿ ಏನು ದೆವ್ವ ಬಡಿತದ?" ಎಂದು ಕೂಗಲು ಬಾಯಿ ತೆಗೆದವನು, ಒಳಗಿನಿಂದ ಬಂದ ನನ್ನ ಒಂಬತ್ತರ ಮಗ್ಗಿ ಕೇಳಿ ಬಾಯಿ ಮುಚ್ಚಿದ. ಅವನು ಹೋಟಗಿಯವನು, ನನ್ನನ್ನು ಕೊಟ್ಟ ಕಥೆ ಅವನಿಗೆ ಗೊತ್ತಿತ್ತು. "ನಾಳಿಂದ ನಾ ಬರೂದಿಲ್ಲಪಾ. ನೀ ಸಾವಕಾಶ ಬಾ" ಎಂದನಂತೆ. ಗಿರಣಿಯಲ್ಲಿ ಯಾರಾದರೂ ಆ ಹಾದಿಯ ಮಾತು ತೆಗೆದರೆ, "ಅದು ಅವಗೊಬ್ಬಗ ಸುರಕ್ಷಿತ. ನೀವು ನೆಟ್ಟಗ ಹೋಗ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದನಂತೆ.

ಹೋಟಗಿಯ ಮನೆಯಲ್ಲಿ ಸುಮಿತ್ರಾಬಾಯಿಗೆ, ನಾನು ಅತ್ತಿ ಎನ್ನುತ್ತಿದ್ದ ನನ್ನ ಹಡೆದವಳಿಗೆ, ಅವನು ಟ್ರಕ್ಕಿನ ಕಥೆಯನ್ನೇ ಹೇಳಿದ್ದ. ಅವಳು ನಂಬಿದಳು, ಒಂದು ವಾರ. ಎಂಟನೆಯ ದಿನ ಅವನು ಹಿತ್ತಲಲ್ಲಿ ಕಾಲು ತೊಳೆಯುತ್ತ ಬಾಯಲ್ಲೇ ಏಳರ ಮಗ್ಗಿ ಗುನುಗುತ್ತಿದ್ದ. ಮನೆಯ ಇಬ್ಬರು ಹುಡುಗಿಯರೂ ಮಗ್ಗಿ ದಾಟಿ ಎಷ್ಟೋ ದಿನವಾಗಿತ್ತು. ಅತ್ತಿ ತಾಟಿಗೆ ರೊಟ್ಟಿ ಹಾಕಿದಳು, ಪುಂಡಿಪಲ್ಯ ಹಾಕಿದಳು, ಎದುರಿಗೆ ಕುಳಿತಳು.

"ಇವತ್ತ ಎಷ್ಟರ ಮಗ್ಗಿ ಇತ್ತರೀ?"

ಅವನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಏಳರದು" ಎಂದ.

"ತಪ್ಪಿದಳೇನು?"

"ಎಂಟ್ಲೆಕ ತಪ್ಪಿದಳು. ಆಮ್ಯಾಲ ಸರಿ ಹೇಳಿದಳು."

ಅಷ್ಟೇ. ಅಳಲಿಲ್ಲ, ಜಗಳವಾಡಲಿಲ್ಲ, ನನ್ನನ್ನೂ ಕರೆದುಕೊಂಡು ಹೋಗು ಎನ್ನಲಿಲ್ಲ. ಅಂದಿನಿಂದ ದಿನವೂ ಎರಡನೆಯ ರೊಟ್ಟಿ ಹಾಕುವಾಗ ಅವಳು ಅದೇ ಪ್ರಶ್ನೆ ಕೇಳುತ್ತಿದ್ದಳು, ಅವನು ಅದೇ ರೀತಿ ಉತ್ತರ ಕೊಡುತ್ತಿದ್ದ. ನನ್ನ ಬಾಲ್ಯವೆಲ್ಲ ಅವಳಿಗೆ ಮುಟ್ಟಿದ್ದು ಹೀಗೆ, ಒಂದೊಂದು ಮಗ್ಗಿಯಾಗಿ. ಇದನ್ನು ಅವಳು ನನಗೆ ಹೇಳಿದ್ದು ನಾನು ಎರಡು ಮಕ್ಕಳ ತಾಯಿಯಾದ ಮೇಲೆ. ಅಂದು ನನಗೆ ಅವಳ ಮೇಲೆ ಸಿಟ್ಟು ಬಂತು. ಒಂದು ಸಲವಾದರೂ ಕ್ಯಾರಿಯರ್ ಮೇಲೆ ಹತ್ತಿ ಬರಬಾರದಿತ್ತೆ, ಮಾರಾಯ್ತಿ?

"ನಾ ಬಂದಿದ್ರ ಹಾದ್ಯಾಗ ನಿಂದರತಿದ್ದಿಲ್ಲವಾ. ಒಳಗ ಓಡಿ ಬರತಿದ್ದೆ" ಎಂದಳು ಅತ್ತಿ.

ಎರಡನೆಯ ವರ್ಷ ಅವ್ವನಿಗೆ ತಿಳಿಯಿತು. ನೀರು ಚೆಲ್ಲಲು ಹೊರಗೆ ಬಂದವಳು, ಬಿದ್ದ ಚೈನಿನ ಮೇಲೆ ಬಾಗಿದ ಬಿಳಿ ಟೋಪಿ ನೋಡಿದಳು. ತಮ್ಮನ ಬೆನ್ನು ಅವಳಿಗೆ ಗುರುತು ಸಿಗದೆ ಇರುತ್ತದೆಯೆ? ಕೂಗಲಿಲ್ಲ. ಒಳಗೆ ಬಂದು ಅಪ್ಪನಿಗೆ ಪಿಸುಗುಟ್ಟಿದಳು. "ಅಂವ ಇವತ್ತ ಹಾದ್ಯಾಗ ನಿಂತಾನ. ನಾಳಿ ಕಟ್ಟಿ ಮ್ಯಾಲ ಕೂಡತಾನ. ನಾಡದು ನನ್ನ ಮಗಳನ್ನ ಕರಕೊಂಡು ಹೋಗತಾನ." ಮರುದಿನದಿಂದ ನನ್ನ ಮಗ್ಗಿ ಮೂರು ಗೋಡೆ ದಾಟಿದ ಹಿಂದಿನ ಕೋಣೆಗೆ ಹೋಯಿತು. ಅವ್ವನನ್ನು ನಾನು ಬೈಯಲಾರೆ. ಹತ್ತು ವರ್ಷ ಬರಿದಾಗಿದ್ದ ಉಡಿ ಅದು. ತುಂಬಿದ ಮೇಲೆ ಅವಳು ಗಾಳಿಗೂ ಅಂಜುತ್ತಿದ್ದಳು.

ಹದಿನೆಂಟು ದಿನ ನನಗೆ ಗಂಟೆ ಕೇಳಲಿಲ್ಲ. ಅವನು ಮಾತ್ರ ತಪ್ಪದೆ ಬರುತ್ತಿದ್ದ, ಚೈನು ತಪ್ಪದೆ ಬೀಳುತ್ತಿತ್ತು. ಅತ್ತಿ ಕೇಳಿದರೆ, "ಇವತ್ತ ಇರಲಿಲ್ಲ" ಎನ್ನುತ್ತಿದ್ದ. ಹದಿನೇಳು ದಿನ ಹಾಗೆ ಅಂದವನು ಹದಿನೆಂಟನೆಯ ದಿನ ಅವಳ ಮುಖ ನೋಡಲಾರದೆ, "ಹನ್ನೆರಡರದು" ಎಂದ. ತಪ್ಪಿದಳೇನು ಎಂದರೆ, ಇಲ್ಲ, ಒಂದೂ ತಪ್ಪಲಿಲ್ಲ ಎಂದ. ಅತ್ತಿ ಎದ್ದು ಒಲೆಯ ಹತ್ತಿರ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಒಂದೂ ತಪ್ಪದೆ ಮಗ್ಗಿ ಹೇಳಿದವಳೇ ಅಲ್ಲವಲ್ಲ.

ನಮ್ಮ ಅಪ್ಪ ಕಲ್ಲಣ್ಣನಿಗೆ ಮಾತು ಕಡಿಮೆ. ಹತ್ತೊಂಬತ್ತನೆಯ ದಿನ ಅವನು ಹೊರಗಿದ್ದ ಜೋಳದ ಚೀಲಗಳನ್ನೆಲ್ಲ ಹೊತ್ತು ತಂದು ಹಿಂದಿನ ಕೋಣೆಗೆ ಒಟ್ಟಿದ. ಒಂದು ಬೆಕ್ಕು ಕೂರಲು ಕೂಡ ಜಾಗ ಉಳಿಯಲಿಲ್ಲ.

"ಹೊರಗ ಇಲಿ ಭಾಳ ಆಗ್ಯಾವ" ಎಂದ.

"ಇಲಿ ಎಷ್ಟ ಉದ್ದ ಅದ ನನಗ ಗೊತ್ತದ" ಎಂದಳು ಅವ್ವ. ಆದರೂ ಸಂಜೆಗೆ ನನ್ನನ್ನು ಪಡಸಾಲೆಗೆ ತಂದು ಕೂರಿಸಿದಳು. ತಾನೂ ಜೋಳ ಹಸನು ಮಾಡುತ್ತ ಬಾಗಿಲಿಗೆ ಅಡ್ಡ ಕುಳಿತಳು. ಗಂಟೆ ಬಾರಿಸಿದಾಗ ಅವಳ ಕೈ ನಿಲ್ಲುತ್ತಿತ್ತು, ಆಮೇಲೆ ಮತ್ತೆ ನಡೆಯುತ್ತಿತ್ತು.

ಆಗ ನನಗೆ ಇದೊಂದೂ ಗೊತ್ತಿರಲಿಲ್ಲ. ಒಂಬತ್ತು ವರ್ಷದವಳಿದ್ದಾಗ ಮೈಂದರ್ಗಿಯ ಪಂಚಮಿಯಲ್ಲಿ ಮಾಮಾ ಎಂದಿನಂತೆ, ಸಾಲಿ ಹೆಂಗ ನಡದದ ಎಂದ. ನನಗೆ ರೇಗಿತು. "ನಿಮಗ್ಯಾಕ? ನಮ್ಮ ಹಾದ್ಯಾಗ ಒಬ್ಬಾಂವ ಬರತಾನ. ನನ್ನ ಮುಖಾನೂ ನೋಡಿಲ್ಲ, ಆದ್ರೂ ದಿನಾ ನನ್ನ ಮಗ್ಗಿ ಕೇಳತಾನ. ನೀವು ಹೆಸರಿಗಷ್ಟ ಮಾಮಾ" ಎಂದುಬಿಟ್ಟೆ. ಅವನು ಎದ್ದು ಬಾವಿಯ ಕಡೆ ಹೋದ. ಊಟಕ್ಕೆ ಕರೆದರೂ ಬರಲಿಲ್ಲ. ನೋಡು, ಸೊಕ್ಕು ಎಂದುಕೊಂಡೆ. ಆ ಮಾತು ನೆನಪಾದರೆ ಇವತ್ತಿಗೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳುವ ಹಾಗೆ ಆಗುತ್ತದೆ.

ನಾಲ್ಕು ವರ್ಷ ಹೀಗೆ ನಡೆಯಿತು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿ, ಅವನು ಸೈಕಲ್ ಮೇಲೆ ಕೂರುವ ಬದಲು ಸೈಕಲ್ಲೇ ಅವನ ಹೆಗಲ ಮೇಲೆ ಕೂತು ಹೋಗುತ್ತಿತ್ತು. ಆದರೂ ಹಾದಿ ಬಿಡಲಿಲ್ಲ. ನನ್ನ ಮಗ್ಗಿ ಹತ್ತೊಂಬತ್ತಕ್ಕೆ ಬಂದಿತ್ತು. ಅದರಲ್ಲಿ ಏಳ್ಲೆಗೆ ನಾನು ನಿಜವಾಗಿಯೂ ಎಡವುತ್ತಿದ್ದೆ. ನೂರಾ ಮೂವತ್ಮೂರು ಅನ್ನುವ ಬದಲು ನೂರಾ ಇಪ್ಪತ್ಮೂರು. ದಿನವೂ ಅಲ್ಲೇ ಟ್ರಿಣ್.

1975ರ ಸೆಪ್ಟೆಂಬರಿನ ಕೊನೆಯ ಮಳೆ ಬಿದ್ದ ರಾತ್ರಿಯ ಮರುದಿನದಿಂದ ಗಂಟೆ ಬರಲಿಲ್ಲ. ಮೊದಲ ದಿನ ನಾನು ಹತ್ತೊಂಬತ್ತೇಳ್ಲೆ ನೂರಾ ಇಪ್ಪತ್ಮೂರು ಎಂದು ಮೂರು ಸಲ ಹೇಳಿದೆ. ಎರಡನೆಯ ದಿನ ಎಲ್ಲವನ್ನೂ ತಪ್ಪು ಹೇಳಿದೆ, ಎರಡೆರಡ್ಲೆ ಐದು ಎಂದು ಕೂಡ ಅಂದೆ. ಮೂರನೆಯ ದಿನ ಬಾಗಿಲಿಗೆ ಮುಖ ಮಾಡಿ ಕುಳಿತು ಕತ್ತಲೆಗೆ ಒದರಿದೆ. ನಾಲ್ಕನೆಯ ದಿನ ಮಗ್ಗಿ ಹೇಳುವುದಿಲ್ಲ ಎಂದೆ. ಅವ್ವ ಬೈಯಲಿಲ್ಲ. ಅವಳೂ ಹಾದಿಯ ಕಡೆ ನೋಡುತ್ತಿದ್ದಳು.

ಎಂಟನೆಯ ದಿನ ಸಂಜೆ ಬಸಣ್ಣ ಬಂದ. ನನ್ನನ್ನು ಒಳಗೆ ಕಳಿಸಿದ ಮೇಲೆ, ಕಟ್ಟೆಯ ಮೇಲೆ ಕುಳಿತು ನೀರು ಕುಡಿದು ಹೇಳಿದ. ಮಾಮಾ ಹಳ್ಳದ ಕಲ್ಲಿನ ಮೇಲೆ ಜಾರಿ ಬಿದ್ದಿದ್ದ. ಹೊಲ ಕಾಯುವವರು ಅವನ ನರಳಾಟ ಕೇಳಿ ಬಂಡಿಯಲ್ಲಿ ಹಾಕಿ ಒಯ್ದಿದ್ದರು. ಕಾಲಿನ ಎಲುಬು ಎರಡು ಕಡೆ ಮುರಿದಿತ್ತು, ಪ್ಲಾಸ್ಟರ್ ಹಾಕಿದ್ದರು.

"ಇನ್ನ ಸಾಯಕಲ್ ತುಳಿಯೂದು ಆಗೂದಿಲ್ಲ ಅಂದಾರ ಡಾಕ್ಟರು. ಅಂವ ಊಟಾ ಬಿಟ್ಟಾನ. ಡೊಂಕಾದ ಸಾಯಕಲ್ ಒಳಗ ತರಸಿ ಮಂಚದ ಬಾಜೂಕ ನಿಂದರಸ್ಯಾನ. ಎಂಟ ಬಡದ್ರ ಗ್ವಾಡಿ ಕಡಿ ತಿರುಗಿ ಮಲಗತಾನ. ಎಷ್ಟ ಹೇಳಿದ್ರೂ ಕೇಳಾಕತ್ತಿಲ್ಲ, ವೈನಿ" ಎಂದು ಅವ್ವನಿಗೆ ಹೇಳಿದ.

ಅವ್ವ ಕೂತಲ್ಲೇ ಎದೆ ಬಡಿದುಕೊಂಡಳು. "ನನ್ನ ಮನಿ ಮುಂದ ಹಾದು ಹೋಗೂವಾಗ ಬಿದ್ದಾನೋ ನನ್ನ ತಮ್ಮ! ನಾ ಒಂದ ದಿನಾ ಒಳಗ ಬಾ ಅನಲಿಲ್ಲ! ಆಣಿ ಹನ್ನೆರಡ ವರ್ಷ ಅದ, ಇನ್ನ ಮೂರು ವರ್ಷ ಉಳದಾವ. ಏನ ಮಾಡಲಿ?"

ಅಪ್ಪ ಬೀಡಿ ಆರಿಸಿದ. ಬದುಕಿನಲ್ಲಿ ಅವನು ಆಡಿದ ಅತಿ ದೊಡ್ಡ ಮಾತನ್ನು ಆಗ ಆಡಿದ. "ಆಣಿ ಏನಿತ್ತು? ಅವರು ನಮ್ಮ ಹೊಸ್ತಲಾ ತುಳೀಬಾರದು ಅಂತಿತ್ತು. ನಾವು ಅವರ ಮನಿಗಿ ಹೋಗಬಾರದು ಅಂತ ಎಲ್ಲಿತ್ತು?"

ಒಂಬತ್ತು ವರ್ಷ. ಒಂಬತ್ತು ವರ್ಷ ನಾಲ್ಕು ಜನ ದೊಡ್ಡವರು ಸೇರಿ, ಅರ್ಧ ಆಣೆಯನ್ನು ಪೂರ್ತಿ ಆಣೆ ಎಂದು ಪಾಲಿಸಿದ್ದರು. ಯಾರಿಗೂ ಹೊಳೆದಿರಲಿಲ್ಲ, ಹೊಳೆದಿದ್ದರೂ ಅವ್ವನ ಮುಖ ನೋಡಿ ಬಾಯಿ ತೆರೆದಿರಲಿಲ್ಲ. ನಮ್ಮ ಜನರ ಶಾಣ್ಯಾತನಕ್ಕೆ ಏನು ಹೇಳಲಿ?

ಅವ್ವ ಎದ್ದಳು. ನನ್ನ ತಲೆ ಬಾಚಿದಳು, ಪಂಚಮಿಯ ಹೊಸ ಲಂಗ ತೊಡಿಸಿದಳು. "ಹೋಗಿ ಬರ್ರಿ. ನಾ ನಾಳಿ ಬಸ್ಸಿಗೆ ಬಂದು ನೋಡತೀನಿ, ಈಗ ಬಂದ್ರ ಅಳತೀನಿ" ಎಂದಳು. ಆಮೇಲೆ ಅಪ್ಪನ ಅಂಗಿಯ ತೋಳು ಹಿಡಿದು, "ನನ್ನ ಮಗಳನ್ನ ತಿರುಗಿ ತರತೀರಿಲ್ಲ?" ಎಂದು ಕೇಳಿದಳು.

ಅಪ್ಪ ಬಸಣ್ಣನನ್ನು ಕೇಳಿದ. "ಕತ್ತಲಾತು, ಜೊತಿಗಿ ಹುಡುಗಿ. ಯಾವ ಹಾದಿ ಸುರಕ್ಷಿತ?"

"ಅದನ್ನ ಹೇಳಾಂವ ಹಾಸಗಿ ಹಿಡದಾನಲ್ಲಪಾ" ಎಂದ ಬಸಣ್ಣ. "ನಡೀರಿ, ನಾನೂ ಬರತೀನಿ. ಹಳ್ಳದಾಗ ಇಳದು ನಡಿಯೂಣು."

ಸೈಕಲ್ಲಿನ ಮುಂದಿನ ದಾಂಡಿಯ ಮೇಲೆ ಟಾವೆಲ್ ಸುತ್ತಿ ಅಪ್ಪ ನನ್ನನ್ನು ಕೂರಿಸಿದ. ಬಸಣ್ಣ ದೀಪ ಹಿಡಿದು ಮುಂದೆ. ಒಣಗಿ ಕಲ್ಲಾದ ಗಾಲಿ ಜಾಡುಗಳಲ್ಲಿ ಸೈಕಲ್ ಕುಪ್ಪಳಿಸುತ್ತಿತ್ತು, ಎರಡೂ ಕಡೆಯ ಜಾಲಿ ಮುಳ್ಳು ಲಂಗಕ್ಕೆ ಸಿಗುತ್ತಿತ್ತು, ಎದುರಿಗೆ ಕಪ್ಪನೆಯ ಕತ್ತಲೆ. ಅರ್ಧ ಮೈಲಿಗೇ ನಾನು ಅಳಲು ಸುರುಮಾಡಿದೆ. ಹಳ್ಳದ ಬಳಿ ಇಳಿದಾಗ ಅಪ್ಪ ನನ್ನ ಮುಂದೆ ಕುಕ್ಕುರುಗಾಲಲ್ಲಿ ಕುಳಿತ.

"ಘಂಟಿ ಬಾರಸಾಂವ ಬರೂದು ಬಿಟ್ಟಾನಂತ ಅಳತಿದ್ದೆಲ್ಲವಾ. ಅಂವ ಇಲ್ಲೇ ಬಿದ್ದ. ಅಂವ ಹೋಟಗಿ ಮಾಮಾ."

"ಸುಳ್ಳ. ಆ ಮಾಮಾ ನನ್ನ ಕೂಡ ಮಾತಾಡೂದಿಲ್ಲ."

"ಮಾತಾಡಿದ್ರ ಅಳು ಬರತಿತ್ತು, ಅದಕ್ಕ. ನಿನ್ನ ಹಡದಾಂವ ಅವನ. ನಮಗ ಮಕ್ಕಳಿಲ್ಲಂತ ನಿನ್ನ ನಮ್ಮ ಉಡ್ಯಾಗ ಹಾಕಿದ."

ನನಗೆ ಮೊದಲು ಬಂದದ್ದು ಸಿಟ್ಟು. "ಮತ್ತ ನೀ ಯಾರು?" ಎಂದು ಅಪ್ಪನ ಎದೆಗೆ ಗುದ್ದಿದೆ.

"ನಾ ನಿಮ್ಮಪ್ಪ" ಎಂದ ಅಪ್ಪ. "ಅವನೂ."

ಉಳಿದ ಹಾದಿಯಲ್ಲಿ ನಾನು ಅಳಲಿಲ್ಲ. ಪ್ರತಿ ತಗ್ಗಿಗೂ ದಾಂಡಿ ತೊಡೆಗೆ ಒತ್ತುತ್ತಿತ್ತು, ಪ್ರತಿ ತಗ್ಗಿಗೂ ನಾನು ಎಣಿಸಿದೆ. ಇಲ್ಲಿ ಅವನು ದಿನಾ ಬಂದಿದ್ದಾನೆ, ಇಲ್ಲಿಯೂ ಬಂದಿದ್ದಾನೆ. ಎಮ್ಮೆಗೆ ಅಂಜುವ ಮನುಷ್ಯ, ದಿನಾ, ನನ್ನ ಒಂದು ಮಗ್ಗಿಗಾಗಿ.

ಹೋಟಗಿಯ ಮನೆಯ ಬಾಗಿಲು ಮುಚ್ಚಿತ್ತು. ಕಿಟಕಿಯಲ್ಲಿ ಮಿಣಮಿಣ ಬೆಳಕು. ಅಪ್ಪ ಬಾಗಿಲು ಬಡಿಯಲಿಲ್ಲ. ನನ್ನನ್ನು ಹಾದಿಯ ಮೇಲೆ ನಿಲ್ಲಿಸಿ, "ಹೇಳು" ಎಂದ.

ಒದರಿದೆ, ರೊಟ್ಟಿಯ ಸಪ್ಪಳ ಮೀರಿಸುವ ಹಾಗೆ. "ಹತ್ತೊಂಬತ್ತೊಂದ್ಲೆ ಹತ್ತೊಂಬತ್ತು! ಹತ್ತೊಂಬತ್ತೆರಡ್ಲೆ ಮೂವತ್ತೆಂಟು!" ಒಳಗೆ ಏನೋ ಸಪ್ಪಳವಾಯಿತು, ಆಮೇಲೆ ನಿಂತಿತು. ಐದ್ಲೆ ಹೇಳಿದೆ, ಆರ್ಲೆ ಹೇಳಿದೆ. ಏಳ್ಲೆಗೆ ಸರಿಯಾದ ಉತ್ತರ ಆ ಹೊತ್ತು ನನ್ನ ನಾಲಿಗೆಯ ಮೇಲಿತ್ತು. ನುಂಗಿಕೊಂಡೆ.

"ಹತ್ತೊಂಬತ್ತೇಳ್ಲೆ ನೂರಾ ಇಪ್ಪತ್ಮೂರು!"

ಬಸಣ್ಣ ದೀಪ ಕೆಳಗೆ ಇಟ್ಟ. ನಾನು ಕಿಟಕಿಯನ್ನೇ ನೋಡುತ್ತ ನಿಂತೆ.

ಒಳಗೆ ಗಂಟೆ ಬಾರಿಸಿತು. ಒಂದೇ ಸಲ, ಟ್ರಿಣ್.

"ನೂರಾ ಮೂವತ್ಮೂರು!" ಎಂದು ಕಿರುಚಿದೆ. ಟ್ರಿಣ್ ಟ್ರಿಣ್ ಎಂದಿತು. ಎರಡಕ್ಕೇ ನಿಲ್ಲದೆ ಬಾರಿಸುತ್ತಲೇ ಹೋಯಿತು, ನಾನು ಎಂಟ್ಲೆ ಒಂಬತ್ಲೆ ಹತ್ಲೆ ಹೇಳಿ ಮುಗಿಸಿದರೂ ನಿಲ್ಲಲಿಲ್ಲ.

ಬಾಗಿಲು ತೆರೆಯಿತು. ಹಿಟ್ಟಿನ ಕೈಯಲ್ಲೇ ಅತ್ತಿ ಹೊಸ್ತಿಲಲ್ಲಿ ನಿಂತಿದ್ದಳು. ನನ್ನನ್ನು ಎತ್ತಿಕೊಳ್ಳಲಿಲ್ಲ, ಹತ್ತಿರವೂ ಬರಲಿಲ್ಲ. ಎರಡೂ ಕೈಗಳಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು.

"ಇನ್ನೊಮ್ಮೆ ಹೇಳವಾ" ಎಂದಳು. "ನಾ ಒಂದ ದಿನಾನೂ ಕೇಳಿಲ್ಲ."

ನಾನು ಎರಡರ ಮಗ್ಗಿಯಿಂದ ಸುರು ಮಾಡಿದೆ.